ಗೇಟ್‌ಮ್ಯಾನ್ ಬೇಕಂತಲೇ ಬೇಗ ಗೇಟ್ ಹಾಕ್ತಾನಾ?

"ರೈಲು ಇನ್ನೂ ಹಿಂದಿನ ಸ್ಟೇಷನ್‌ನಲ್ಲೇ ಇದೆ, ಇಲ್ಲಿ ಆಗಲೇ ಗೇಟ್ ಹಾಕಿ ಕೂತಿದ್ದಾನೆ." ರೈಲ್ವೆ ಗೇಟ್ ಮುಂದೆ ನಿಂತ ಪ್ರತಿ ಬೈಕಿನಿಂದಲೂ ಈ ಮಾತು ಕೇಳುತ್ತದೆ. ಗೇಟ್ ಮುಂದಿನ ಸಾಲಿನ ಫೋಟೊ ತೆಗೆದು, ಇದೇ ಮಾತು ಬರೆದು ಗ್ರೂಪಿಗೆ ಹಾಕುವವರೂ ಇದ್ದಾರೆ. 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದ ದಾವಣಗೆರೆಯಲ್ಲಿ ಅಶೋಕ ಚಿತ್ರಮಂದಿರದ ಬಳಿಯ ಗೇಟ್ ದಶಕಗಳ ಕಾಲ ಇಡೀ ಊರಿನ ತಲೆನೋವಾಗಿತ್ತು. ಹಾಗಾದರೆ ಆ ಮಾತಿನಲ್ಲಿ ನಿಜ ಎಷ್ಟು?

ಬಹುತೇಕ ಇಲ್ಲ. ಜನನಿಬಿಡ ರಸ್ತೆಗಳ ಗೇಟ್‌ಗಳು ಸಾಮಾನ್ಯವಾಗಿ ಸಿಗ್ನಲ್‌ಗೆ ಜೋಡಣೆಯಾಗಿರುತ್ತವೆ. ಇದನ್ನು ಇಂಟರ್‌ಲಾಕಿಂಗ್ ಎನ್ನುತ್ತಾರೆ. ಗೇಟ್ ಪೂರ್ತಿ ಇಳಿದು ಲಾಕ್ ಆಗುವ ತನಕ ರೈಲಿಗೆ ಹಸಿರು ಸಿಗ್ನಲ್ ಬೀಳುವುದೇ ಇಲ್ಲ. ಹಸಿರು ಬಿದ್ದ ಮೇಲೆ, ರೈಲು ದಾಟುವ ತನಕ ಗೇಟ್‌ಮ್ಯಾನ್ ಮನಸ್ಸು ಮಾಡಿದರೂ ಸುಲಭವಾಗಿ ಗೇಟ್ ಎತ್ತಲಾಗದು. ಜೊತೆಗೆ, ಸಿಗ್ನಲ್ ಹೇಗಿದೆ ಎಂದು ರೈಲಿನ ಚಾಲಕರಿಗೆ ಬಹಳ ಮುಂಚೆಯೇ ಗೊತ್ತಾಗಬೇಕು. ಅದಕ್ಕೇ ಸುಮಾರು ಒಂದು ಕಿಲೋಮೀಟರ್ ಹಿಂದೆ ಇನ್ನೊಂದು ಮುನ್ಸೂಚನೆ ಸಿಗ್ನಲ್ ಇರುತ್ತದೆ. ಅಲ್ಲಿ ಹಳದಿ ಕಂಡರೆ ಚಾಲಕರು ವೇಗ ಇಳಿಸಲೇಬೇಕು.

ಈಗ ಗೇಟ್ ಇಳಿಯುತ್ತಿರುವಾಗ ಅದರಡಿ ಬೈಕ್ ಬಾಗಿಸಿ ನುಗ್ಗುವವರನ್ನು ನೆನಪಿಸಿಕೊಳ್ಳಿ. ಒಬ್ಬರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಒಂದು ಆಟೊ. ಗೇಟ್ ಲಾಕ್ ಆಗುವುದಿಲ್ಲ, ಸಿಗ್ನಲ್ ಬೀಳುವುದಿಲ್ಲ, ರೈಲು ನಿಧಾನವಾಗುತ್ತದೆ ಅಥವಾ ನಿಂತೇ ಬಿಡುತ್ತದೆ. ನಿಂತ ಗೂಡ್ಸ್ ರೈಲು ಮತ್ತೆ ವೇಗ ಹಿಡಿದು ತನ್ನ ಅರ್ಧ ಕಿಲೋಮೀಟರಿಗೂ ಮೀರಿದ ಉದ್ದವನ್ನು ಗೇಟ್ ದಾಟಿಸಲು ಎಷ್ಟು ಹೊತ್ತು ಬೇಕು ಎಂಬುದು ಗೇಟ್ ಬಳಿ ಕಾದವರಿಗೆಲ್ಲ ಗೊತ್ತು. ಒಬ್ಬರು ಉಳಿಸಿಕೊಂಡ ಎರಡು ನಿಮಿಷದ ಬೆಲೆಯನ್ನು ಹಿಂದೆ ನಿಂತ ಇನ್ನೂರು ಜನ ಕಟ್ಟುತ್ತಾರೆ. ಅವರಲ್ಲಿ ಆಂಬುಲೆನ್ಸ್ ಕೂಡ ಇರಬಹುದು.

ಇನ್ನೊಂದು ದೂರು: "ರೈಲು ಹೋಯ್ತಲ್ಲ, ಇನ್ನೂ ಯಾಕೆ ತೆಗೆದಿಲ್ಲ?" ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ ಮೂಲಕ ಹೋಗುವ ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ಜೋಡಿ ಹಳಿ ಇದೆ. ಒಂದು ರೈಲು ದಾಟುತ್ತಿರುವಾಗಲೇ ಎದುರು ದಿಕ್ಕಿನಿಂದ ಇನ್ನೊಂದು ಬರುತ್ತಿರಬಹುದು. ಮೊದಲ ರೈಲಿನ ಸದ್ದಿನಲ್ಲಿ ಎರಡನೆಯದರ ಸದ್ದು ಮುಚ್ಚಿಹೋಗುತ್ತದೆ, ಅದರ ಬೋಗಿಗಳ ಮರೆಯಲ್ಲಿ ಎರಡನೆಯದು ಕಾಣುವುದೂ ಇಲ್ಲ.

"ರೈಲು ದೂರ ಇದೆ, ದಾಟಬಹುದು" ಎಂಬ ಲೆಕ್ಕ ತಪ್ಪುವುದಕ್ಕೆ ನಮ್ಮ ಕಣ್ಣೂ ಕಾರಣ. ಅಮೆರಿಕದ ಮನೋವಿಜ್ಞಾನಿ ಹರ್ಷಲ್ ಲೀಬೋವಿಟ್ಜ್ 1985ರಲ್ಲೇ ಇದರ ಬಗ್ಗೆ ಬರೆದಿದ್ದರು: ದೊಡ್ಡ ವಸ್ತುಗಳು ನಿಜವಾದ ವೇಗಕ್ಕಿಂತ ನಿಧಾನವಾಗಿ ಬರುತ್ತಿರುವಂತೆ ನಮಗೆ ಕಾಣುತ್ತವೆ. ಇಳಿಯಲು ಬರುವ ವಿಮಾನ ಆಕಾಶದಲ್ಲಿ ತೇಲುತ್ತಿರುವಂತೆ ಕಾಣುವುದಿಲ್ಲವೇ? ಹಾಗೆಯೇ ಇದು. ಗಂಟೆಗೆ 100 ಕಿ.ಮೀ. ವೇಗದ ರೈಲಿಗೆ ಅರ್ಧ ಕಿಲೋಮೀಟರ್ ಬರಲು 18 ಸೆಕೆಂಡ್ ಸಾಕು. ತುರ್ತು ಬ್ರೇಕ್ ಹಾಕಿದರೂ ಅದು ನಿಲ್ಲಲು ಒಂದು ಕಿಲೋಮೀಟರ್ ಆಸುಪಾಸು ಬೇಕಾಗಬಹುದು.

ಗೇಟ್ ತೆರೆದ ಮೇಲೆ ಆಗುವ ಜಾಮ್‌ಗಂತೂ ರೈಲ್ವೆಯನ್ನು ದೂರುವಂತಿಲ್ಲ. ಸಾಲಾಗಿ ನಿಂತರೆ ಪ್ರತಿ ಎರಡು ಸೆಕೆಂಡಿಗೆ ಒಂದರಂತೆ ವಾಹನಗಳು ಹೊರಡುತ್ತವೆ. ಅಂದರೆ 60 ವಾಹನಕ್ಕೆ ಎರಡು ನಿಮಿಷ. ಆದರೆ ನಾವು ಎಡಕ್ಕೆ ನಿಲ್ಲುವುದಿಲ್ಲ. ಆ ಬದಿಯವರು ಬರಬೇಕಾದ ಜಾಗವನ್ನೂ ತುಂಬಿಕೊಂಡು ನಿಲ್ಲುತ್ತೇವೆ, ಅವರೂ ಹಾಗೇ ಮಾಡುತ್ತಾರೆ. ಗೇಟ್ ಎತ್ತಿದ ತಕ್ಷಣ ಎರಡು ಗೋಡೆಗಳು ಹಳಿಯ ಮೇಲೆ ಮುಖಾಮುಖಿಯಾಗುತ್ತವೆ. ಹಾರನ್ ಒತ್ತಿದರೆ ಗೋಡೆ ಕರಗುವುದಿಲ್ಲ. ಅಷ್ಟರಲ್ಲಿ ಮುಂದಿನ ರೈಲಿನ ಸಮಯವಾಗಿ, ಹಳಿಯ ಮೇಲೆ ವಾಹನ ಇರುವುದರಿಂದ ಗೇಟ್ ಹಾಕಲಾಗದೆ, ಕಥೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಸಿಟ್ಟಿಗೆ ಗೇಟ್ ಮುಟ್ಟುವವರಿಗೊಂದು ಮಾತು. 1989ರ ರೈಲ್ವೆ ಕಾಯ್ದೆಯ 160ನೇ ಸೆಕ್ಷನ್ ಪ್ರಕಾರ, ಮುಚ್ಚಿದ ಗೇಟನ್ನು ಅಧಿಕಾರವಿಲ್ಲದೆ ತೆರೆದರೆ 3 ವರ್ಷದವರೆಗೆ, ಮುರಿದರೆ 5 ವರ್ಷದವರೆಗೆ ಜೈಲು.

ಹಾಗೆಂದು ತೆರೆದ ಗೇಟನ್ನು ಕಣ್ಣು ಮುಚ್ಚಿ ನಂಬಬೇಕಿಲ್ಲ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಬಳಿಯ ಸೆಮ್ಮಂಕುಪ್ಪಂನಲ್ಲಿ ಶಾಲಾ ವ್ಯಾನ್‌ಗೆ ರೈಲು ಡಿಕ್ಕಿ ಹೊಡೆದು ಮೂವರು ಮಕ್ಕಳು ಸತ್ತರು. ಆ ಗೇಟ್‌ಗೆ ಇಂಟರ್‌ಲಾಕಿಂಗ್ ಇರಲಿಲ್ಲ. ಗೇಟ್ ತೆರೆದಿದ್ದರೂ ಎರಡೂ ಕಡೆ ನೋಡಿಯೇ ದಾಟಬೇಕು ಎಂದು ನಾವು ಹೇಳುವುದು ಇದಕ್ಕೇ.

ಮೇಲ್ಸೇತುವೆ ಯಾವಾಗ ಎಂಬ ಪ್ರಶ್ನೆಗೂ ಒಂದು ಲೆಕ್ಕವಿದೆ. ದಿನಕ್ಕೆ ದಾಟುವ ರೈಲುಗಳ ಸಂಖ್ಯೆಯನ್ನು ವಾಹನಗಳ ಲೆಕ್ಕದಿಂದ ಗುಣಿಸುತ್ತಾರೆ. ಅದು 1 ಲಕ್ಷ ಮೀರಿದರೆ ರೈಲ್ವೆ ಮತ್ತು ರಾಜ್ಯ ಸರ್ಕಾರ ವೆಚ್ಚ ಹಂಚಿಕೊಂಡು ಸೇತುವೆ ಕಟ್ಟುವುದು ರೂಢಿ. ಈ ವಿಷಯದಲ್ಲಿ ಹಿರಿಯೂರಿನವರು ಅದೃಷ್ಟವಂತರು. ಅವರ ಊರಿಗೆ ಬರಲಿರುವ ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗ ಹೊಸದು, ಮತ್ತು ಹೊಸ ಮಾರ್ಗಗಳಲ್ಲಿ ಗೇಟ್‌ಗಳ ಬದಲು ಮೇಲ್ಸೇತುವೆ, ಕೆಳಸೇತುವೆ ಕಟ್ಟುವುದು ರೈಲ್ವೆಯ ನೀತಿ.

ಕೊನೆಯದಾಗಿ, ನಿಮ್ಮ ಗಾಡಿ ಹಳಿಯ ಮೇಲೇ ಕೆಟ್ಟು ನಿಂತರೆ? ಸ್ಟಾರ್ಟ್ ಮಾಡುತ್ತಾ ಕೂರಬೇಡಿ. ಮೊದಲು ಎಲ್ಲರನ್ನೂ ಇಳಿಸಿ ಹಳಿಯಿಂದ ದೂರ ಕಳಿಸಿ, ತಕ್ಷಣ ಗೇಟ್‌ಮ್ಯಾನ್‌ಗೆ ಕೂಗಿ ಹೇಳಿ. ಸ್ಟೇಷನ್‌ಗೆ ಫೋನ್, ಕೆಂಪು ಬಾವುಟ, ಹಳಿಯ ಮೇಲಿಡುವ ಪಟಾಕಿ, ಇವೆಲ್ಲ ಅವರ ಬಳಿ ಇರುತ್ತವೆ. ರೈಲಿನ ಎದುರು ದಿಕ್ಕಿಗೆ ಬಾವುಟ ಹಿಡಿದು ಓಡುವುದೂ ಅವರ ಕೆಲಸವೇ.