ಹೇಳುವ ನಂಬಿಕೆ, ಅಡಗಿಸುವ ಹೆಸರು

2025 ಮುಗಿಯುತ್ತಿರುವ ಹೊತ್ತಿಗೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಕ್ರೈಸ್ತ ಸಭೆಗಳ ಮುಂದೆ ಎರಡು ಲೆಕ್ಕಗಳಿವೆ. ಗುಲ್ಬರ್ಗ ಧರ್ಮಕ್ಷೇತ್ರ ಹುಟ್ಟಿ 20 ವರ್ಷವಾಯಿತು. ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಧರ್ಮಕ್ಕೆ ಕಟ್ಟಿಹಾಕಿದ ರಾಷ್ಟ್ರಪತಿ ಆದೇಶಕ್ಕೆ 75 ತುಂಬಿತು. ಮೊದಲನೆಯದನ್ನು ನೆನೆಯುವುದು ಸುಲಭ. ಎರಡನೆಯದರ ಮಾತೆತ್ತಲು ನಮ್ಮಲ್ಲೇ ಹಿಂಜರಿಕೆ. ನೆರೆಯವರಿಗೆ ನಂಬಿಕೆಯನ್ನು ಹೇಳುವ ಕೆಲಸ ಎಲ್ಲಿ ಮುಗ್ಗರಿಸಿದೆ ಎಂದು ತಿಳಿಯುವುದು ಮಾತ್ರ ಎರಡನೆಯದರಿಂದಲೇ.

ನಿಜಾಮರ ಕಾಲದಲ್ಲಿ ಈ ಭಾಗಕ್ಕೆ ಸುವಾರ್ತೆ ತಂದವರಲ್ಲಿ ಮೆಥೊಡಿಸ್ಟರು ಮುಖ್ಯರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಕೂತು ಅನುವಾದಿಸಿದ ಕನ್ನಡ ಬೈಬಲ್ ಅದಾಗಲೇ ಅಚ್ಚಾಗಿತ್ತು. ಆ ಸುವಾರ್ತೆ ಬಿದ್ದದ್ದು ಬಂಜರು ನೆಲಕ್ಕಲ್ಲ. ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ರಾತ್ರಿಯಿಡೀ ಹಾಡಿದ, ಚನ್ನೂರಿನ ಜಲಾಲಸಾಹೇಬರಂಥ ಶಿಷ್ಯರನ್ನು ಕಂಡ ನೆಲವಿದು. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೂ ಗಾಣಗಾಪುರದ ದತ್ತನ ಸನ್ನಿಧಿಗೂ ಹರಕೆ ಹೊತ್ತು ನಡೆದ ಜನರಿಗೆ ಹಾರ್ಮೋನಿಯಂ, ತಬಲಾ ಹಿಡಿದ ಯೇಸುವಿನ ಭಜನೆ ಪರಕೀಯವೇನೂ ಆಗಲಿಲ್ಲ. ನಂಬಿಕೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಇಲ್ಲಿ ಮೊದಲೇ ಇದ್ದ ರೂಢಿ.

ಆ ರೂಢಿ ಇವತ್ತಿಗೂ ಉಳಿದಿರುವುದು ಉಜ್ಜೀವನ ಕೂಟದ ಪೆಂಡಾಲಿನಲ್ಲಲ್ಲ, ತೊಗರಿ ಹೊಲದಲ್ಲಿ. ಕ್ರಿಸ್‌ಮಸ್ ಬರುವುದು ಕೊಯ್ಲಿನ ಕಾಲಕ್ಕೇ. ಮಧ್ಯಾಹ್ನ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿ, ಕಟಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹಂಚಿಕೊಳ್ಳುವಾಗ ಒಬ್ಬಾಕೆ ಅರೆಗಳಿಗೆ ಕಣ್ಣು ಮುಚ್ಚುತ್ತಾಳೆ. “ಉಣ್ಣೋ ಮುಂದ ಕಣ್ಣ ಮುಚ್ಚಿ ಏನಂತಿ ಅಕ್ಕಾ?” ಎಂದು ಪಕ್ಕದವಳು ಕೇಳುತ್ತಾಳೆ. “ಕೊಟ್ಟಾವಗ ನೆನಸ್ತೀನವ್ವ.” ಅಷ್ಟೇ. ಪಕ್ಕದವಳು ಮತ್ತೆ ಕೇಳಿದರೆ ಮಾತು ಬೆಳೆಯುತ್ತದೆ, ಇಲ್ಲದಿದ್ದರೆ ಕುಡುಗೋಲು ಹಿಡಿದು ಇಬ್ಬರೂ ಸಾಲಿಗೆ ಇಳಿಯುತ್ತಾರೆ.

ಈ ಸಹಜ ಮಾತಿನ ಮೇಲೆ ಕೆಲವು ವರ್ಷಗಳಿಂದ ಅನುಮಾನದ ಕಣ್ಣು ಬಿದ್ದಿದೆ. ಸಂವಿಧಾನದ 25ನೇ ವಿಧಿ ಧರ್ಮಪ್ರಸಾರದ ಹಕ್ಕು ಕೊಟ್ಟಿದೆ. ಅದು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರ ರಾಜ್ಯ ಕಾಯ್ದೆ ಇನ್ನೂ ಮುಂದೆ ಹೋಗಿ, ಮತಾಂತರಕ್ಕೆ 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಎಂದಿತು. ಉಡುಗೊರೆ, ಉಚಿತ ಶಿಕ್ಷಣಗಳನ್ನೂ ಆಮಿಷದ ಪಟ್ಟಿಗೆ ಸೇರಿಸಿತು. 2023ರ ಜೂನ್‌ನಲ್ಲಿ ಸಂಪುಟ ಅದನ್ನು ರದ್ದುಮಾಡಲು ತೀರ್ಮಾನಿಸಿತಾದರೂ ಹುಟ್ಟಿದ ಅಂಜಿಕೆ ಹೋಗಲಿಲ್ಲ. ಭೀಮಾ ನದಿ ಉಕ್ಕಿ ಮನೆ ಹೊಕ್ಕಾಗ ಒಂದು ಚೀಲ ಜೋಳ ಕೊಡಲೂ ಹಿಂದೆಮುಂದೆ ನೋಡುವಂತಾದರೆ ಅದು ಕೊಡುವವರಿಗೂ ಪಡೆಯುವವರಿಗೂ ಅವಮಾನ.

ಅದಕ್ಕಿಂತ ಆಳದ ಗಂಟು 1950ರ ರಾಷ್ಟ್ರಪತಿ ಆದೇಶದ್ದು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಆದೇಶ ಸಡಿಲವಾಯಿತು, ಕ್ರೈಸ್ತರಿಗೆ ಆಗಲಿಲ್ಲ. ಹೀಗಾಗಿ ಭಾನುವಾರ ಸಭೆಯಲ್ಲಿ ಒಂದು ಹೆಸರು, ತಹಶೀಲ್ದಾರ್ ಕಚೇರಿಯ ಪ್ರಮಾಣಪತ್ರದಲ್ಲಿ ಇನ್ನೊಂದು ಎಂಬ ಬದುಕು ಈ ತಾಲ್ಲೂಕುಗಳಿಗೆ ಹೊಸದಲ್ಲ. ಈ ವರ್ಷ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ ‘ಕ್ರಿಶ್ಚಿಯನ್’ ಎಂದು ಸೇರಿಸಿದ ಜಾತಿ ಹೆಸರುಗಳು ರಾಜ್ಯದಲ್ಲಿ ಗದ್ದಲವೆಬ್ಬಿಸಿದಾಗ ಆ ಗುಟ್ಟು ಬೀದಿಗೆ ಬಂತು. ಮಗಳ ಹಾಸ್ಟೆಲ್ ಸೀಟಿಗಾಗಿ ಹೆಸರು ಅಡಗಿಸುವ ತಾಯಿಯನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ತನ್ನ ನಂಬಿಕೆಯನ್ನು ಅರ್ಜಿಯಲ್ಲಿ ಬರೆಯಲಾಗದವಳು ನೆರೆಯವಳ ಮುಂದೆ ಅದನ್ನು ಎಷ್ಟೆಂದು ಬಿಚ್ಚಿ ಹೇಳಿಯಾಳು?

ಸಭೆಗಳ ಪಾಲೂ ಇದರಲ್ಲಿದೆ. ದೀಕ್ಷಾಸ್ನಾನದ ಅಂಕಿ ಎಣಿಸಿ ವರದಿ ಬರೆದವರು, ಆಸ್ಪತ್ರೆಗೆ ಹೋಗಬೇಕಾದವರನ್ನು ಪ್ರಾರ್ಥನೆಯಲ್ಲೇ ಕೂರಿಸಿಕೊಂಡವರು, ಮದುವೆ ಮಾತುಕತೆಯಲ್ಲಿ ಜಾತಿ ಕೇಳುವುದನ್ನು ಬಿಡದವರು ಸಾಕ್ಷಿಯ ಬೆಲೆಯನ್ನು ತಾವೇ ತಗ್ಗಿಸಿದ್ದಾರೆ.

ಬರುವ ವರ್ಷ ನಮ್ಮ ಸಭೆಗಳು ಕೇಳಿದವರಿಗೆ ಮುಚ್ಚುಮರೆಯಿಲ್ಲದೆ ಹೇಳಲಿ, ಕೇಳದವರ ಬೆನ್ನು ಹತ್ತದಿರಲಿ. ಕೊಟ್ಟ ನೆರವಿಗೆ ಪ್ರತಿಫಲ ಬಯಸದಿರಲಿ. ದಲಿತ ಕ್ರೈಸ್ತರ ಸ್ಥಾನಮಾನ ಪರಿಶೀಲಿಸಲು 2022ರಲ್ಲಿ ನೇಮಕವಾದ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗದ ವಿಷಯವನ್ನು ಬಿಷಪ್‌ರು, ಪಾಸ್ಟರ್‌ಗಳು ಪಂಗಡಭೇದ ಮರೆತು ಒಟ್ಟಾಗಿ ಎತ್ತಲಿ. ಒಂದೇ ಹೆಸರಿನಲ್ಲಿ ಬದುಕಲು ದಾರಿಯಾದರೆ ಸುವಾರ್ತೆಗೆ ಬೇರೆ ಮೈಕು ಬೇಕಾಗದು.