ಇನ್ನ ಆಟ ಸಾಕು



ನಮ್ಮ ಜಮಖಂಡಿ ಕಡೆ ಒಂದೆರಡು ಮಳೆ ಬಿದ್ದು ನೆಲ ಹದವಾಯಿತೆಂದರೆ ಹೈಸ್ಕೂಲಿನ ಮೈದಾನಗಳಲ್ಲಿ ಸುಣ್ಣದ ಗೆರೆ ಬಿದ್ದವೆಂದೇ ತಿಳಿಯಿರಿ. ತಾಲ್ಲೂಕು ಕ್ರೀಡಾಕೂಟದ ಹಂಗಾಮು ಅದು. ಮೊನ್ನೆ ಮಗಳು ಒಂದು ಒಪ್ಪಿಗೆ ಪತ್ರ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು.

"ಅವ್ವಾ, ಖೋ ಖೋ ತಂಡದಾಗ ನನ್ನ ಹೆಸರು ಬಂದೈತಿ. ಸಹಿ ಮಾಡು."

ಅವಳದು ಈಗ ಹತ್ತನೇ ಇಯತ್ತೆ. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, "ಎಸ್ಸೆಸ್ಸೆಲ್ಸಿ ಐತಿ, ಇನ್ನ ಆಟ ಸಾಕು" ಅಂದುಬಿಟ್ಟೆ. ಅಂದ ಮೇಲೆ, ಈ ಮಾತು ಎಲ್ಲಿಯೋ ಕೇಳಿದ್ದೇನಲ್ಲ ಅನ್ನಿಸಿತು.

ನಾನು ಹೈಸ್ಕೂಲು ಓದುವಾಗ ನಮ್ಮೂರು ವಿಜಾಪುರ ಜಿಲ್ಲೆಯಲ್ಲಿತ್ತು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ತಾಲ್ಲೂಕಿನಲ್ಲಿ ಗೆದ್ದರೆ ಕೃಷ್ಣಾ ಹೊಳೆ ದಾಟಿ ವಿಜಾಪುರಕ್ಕೆ ಹೋಗಬೇಕು, ಅಲ್ಲಿಯೇ ವಸ್ತಿ ಇರಬೇಕು. ಹೆಣ್ಣುಮಕ್ಕಳನ್ನು ಕಳಿಸಲು ಮನೆಯಲ್ಲಿ ಮೀನಮೇಷ. ಆದರೂ ಆಡುತ್ತಿದ್ದೆವು. ಉದ್ದ ಲಂಗವನ್ನು ಸೊಂಟಕ್ಕೆ ಸಿಗಿಸಿ, ಬರಿಗಾಲಲ್ಲಿ. ಎಂಟು ಮಂದಿ ಒಬ್ಬಳು ಆ ಕಡೆ ಒಬ್ಬಳು ಈ ಕಡೆ ಮುಖ ಮಾಡಿ ಕೂಡುವುದು, ಒಂಬತ್ತನೆಯವಳು ಬೆನ್ನಟ್ಟುವುದು. ಎದುರಿನವರು ಮೂರು ಮೂರು ಮಂದಿ ಒಳಗಿಳಿಯುವರು. ಒಂಬತ್ತು ನಿಮಿಷಕ್ಕೆ ಸೀಟಿ. ಮೊಣಕಾಲು ಕೆತ್ತಿದರೆ ಅರಿಷಿಣ, ಎಣ್ಣೆ.

ಒಂಬತ್ತನೇ ಇಯತ್ತೆಯಲ್ಲಿ ನಾನು ದೊಡ್ಡವಳಾದೆ. ಅಜ್ಜಿ, "ಇನ್ನ ಆಟ ಸಾಕವ್ವಾ" ಅಂದಳು. ಬೈಯಲಿಲ್ಲ, ಹೊಡೆಯಲಿಲ್ಲ. ಮರುದಿನ ನನ್ನ ಜಾಗದಲ್ಲಿ ಬೇರೆ ಹುಡುಗಿ ಕೂತಿದ್ದಳು. ನಾನು ಕಂಪೌಂಡಿನ ಹತ್ತಿರ ಪಾಟಿಚೀಲ ಹಿಡಿದು ನಿಂತು ನೋಡಿದೆ.

ಈಗ ಆಟ ಎಷ್ಟು ಬದಲಾಗಿದೆ ನೋಡಿ! ಹುಡುಗಿಯರಿಗೆ ಟ್ರ್ಯಾಕ್ ಪ್ಯಾಂಟು, ಬೂಟು. ದೊಡ್ಡ ಪಂದ್ಯಗಳು ಮಣ್ಣು ಬಿಟ್ಟು ಮ್ಯಾಟಿನ ಮೇಲೆ ನಡೆಯುತ್ತವೆ. 2022ರಲ್ಲಿ ಶುರುವಾದ ಅಲ್ಟಿಮೇಟ್ ಖೋ ಖೋ ಲೀಗಿನಲ್ಲಿ ತಂಡಕ್ಕೆ ಏಳೇ ಮಂದಿ, ಏಳು ನಿಮಿಷದ ಸರದಿ. ಅದರಲ್ಲೊಬ್ಬ 'ವಜೀರ'. ಅವನು ಯಾವ ದಿಕ್ಕಿಗೆ ಬೇಕಾದರೂ ತಿರುಗಿ ಓಡಬಹುದು. (ನಾವು ತಿರುಗಿದರೆ ಫೌಲು!) 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ವಿಶ್ವಕಪ್ಪೇ ನಡೆಯಿತು. ನಮ್ಮ ದೇಶದ ಹೆಣ್ಣುಮಕ್ಕಳು ಫೈನಲ್ಲಿನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಹುಡುಗಿ!

ಆದರೆ ನನ್ನನ್ನು ಕೇಳಿದರೆ, ಹೈಸ್ಕೂಲಿನ ಹುಡುಗಿಯರ ಮಟ್ಟಿಗೆ ಮ್ಯಾಟಿಗಿಂತ ದೊಡ್ಡ ಬದಲಾವಣೆ ಪ್ಯಾಡಿನದು. ಈ ಪುಟದಲ್ಲಿ ಬರೆಯಲು ನನಗೆ ಸಂಕೋಚವಿಲ್ಲ. ಆಗ ಅರಿವೆ ಕಟ್ಟಿಕೊಂಡು ಓಡುವುದೆಂದರೆ ಎದೆಯಲ್ಲಿ ಪುಕುಪುಕು. ತಿಂಗಳಿಗೆ ನಾಲ್ಕು ದಿನ ತಂಡವೇ ಅರ್ಧವಾಗುತ್ತಿತ್ತು. ಮಗಳಿಗೆ ಆ ಅಂಜಿಕೆಯೇ ಗೊತ್ತಿಲ್ಲ.

ಹಾಗಾದರೆ ಅವಳ ಆಟಕ್ಕೆ ಅಡ್ಡ ಬಂದವರು ಯಾರು? ನಾನು. ಅಜ್ಜಿ ದೊಡ್ಡವಳಾದೆ ಎಂದಳು, ನಾನು ಮಾರ್ಕ್ಸು ಎಂದೆ. ಅಜ್ಜಿಯ ಮೇಲೆ ಮೂವತ್ತು ವರ್ಷ ಒಳಗೊಳಗೇ ಸಿಟ್ಟಿಟ್ಟುಕೊಂಡವಳು ನಾನೇ!

ರಾತ್ರಿ ಊಟವಾದ ಮೇಲೆ ಲೆಕ್ಕ ಹಾಕಿದೆ. ಅಭ್ಯಾಸ ಸಂಜೆ ಒಂದು ತಾಸು. ಮೊಬೈಲಿಗೆ ಅವಳು ಕೊಡುವುದು ಅದಕ್ಕಿಂತ ಹೆಚ್ಚು. "ಮುಂದ ಸ್ಪೋರ್ಟ್ಸ್ ಕೋಟಾದಾಗ ಸೀಟು ಸಿಗಬಹುದಲ್ಲ" ಎಂದರು ನಮ್ಮ ಯಜಮಾನರು. ಸಿಕ್ಕರೆ ಸಿಗಲಿ. ನಾನು ಅದಕ್ಕಾಗಿ ಸಹಿ ಮಾಡಲಿಲ್ಲ.

ಪತ್ರವನ್ನು ಮಗಳ ಪುಸ್ತಕದೊಳಗೆ ಇಟ್ಟೆ. ಮುಂಜಾನೆ ನೋಡಿದವಳು ಏನೂ ಅನ್ನಲಿಲ್ಲ, ಎರಡು ರೊಟ್ಟಿ ಹೆಚ್ಚು ತಿಂದಳು.

ಗುರುವಾರ ತಾಲ್ಲೂಕು ಪಂದ್ಯ. ಈ ಸಲ ನಾನೂ ಹೋಗುವವಳಿದ್ದೇನೆ. ಶೇಂಗಾ ಹುರಿದು ಸಿಪ್ಪೆ ತೆಗೆದಿಟ್ಟಿದ್ದೇನೆ. ಒಂದು ಸೇರಿಗೆ ಅರ್ಧ ಸೇರು ಮಹಾಲಿಂಗಪುರದ ಬೆಲ್ಲ, ಒಂದು ಹಿಡಿ ಎಳ್ಳು, ಚೂರು ಯಾಲಕ್ಕಿ. ಎಲ್ಲ ಕೂಡಿಸಿ ಕುಟ್ಟಿ ಬಿಸಿ ತುಪ್ಪದ ಕೈಯಲ್ಲಿ ಉಂಡಿ ಕಟ್ಟಬೇಕು. ಆಡುವವರು ಒಂಬತ್ತೇ ಆದರೂ ಹೊರಗೆ ಕಾಯುವ ಮೂವರಿದ್ದಾರೆ. ಹನ್ನೆರಡು ಮಂದಿಗೆ ಸಾಲಬೇಕು.