ಆನೆಕಾಸಿಗೆ ಬೆಲೆ ಎಷ್ಟು?

ಅಟ್ಟ ಗುಡಿಸುವಾಗಲೋ ಅಜ್ಜಿಯ ಟ್ರಂಕಿನ ತಳದಲ್ಲೋ ಒಂದು ತಾಮ್ರದ ನಾಣ್ಯ ಸಿಗುತ್ತದೆ. ಅದರ ಮೇಲೊಂದು ಆನೆ. ಆಮೇಲೆ ಮನೆಯಲ್ಲಿ ನಡೆಯುವ ಕೆಲಸ ಎರಡು. ಒಂದು, ಹುಣಸೆಹಣ್ಣು ಹಾಕಿ ಅದನ್ನು ಫಳಫಳ ಹೊಳೆಯುವಂತೆ ತಿಕ್ಕುವುದು. ಇನ್ನೊಂದು, 'ಟಿಪ್ಪು ಕಾಲದ್ದು, ಲಕ್ಷಕ್ಕೆ ಕಡಿಮೆಯಿಲ್ಲ' ಎಂದು ನೆರೆಹೊರೆಯವರಿಗೆಲ್ಲ ಹೇಳುವುದು. ಮೊದಲನೆಯದರಿಂದ ನಾಣ್ಯ ಕೆಡುತ್ತದೆ; ಎರಡನೆಯದರಿಂದ ಕೆಲವೊಮ್ಮೆ ಮನೆಯೇ ಕೆಡುತ್ತದೆ.

ತಾಮ್ರದ ಮೇಲೆ ನೂರಾರು ವರ್ಷಗಳಲ್ಲಿ ಕಟ್ಟಿದ ಕಂದು ಪದರ ಕೊಳೆಯಲ್ಲ. ಅದು ಒಳಗಿನ ಲೋಹವನ್ನು ಕಾಯುತ್ತದೆ; ನಾಣ್ಯ ಅಸಲಿ ಎನ್ನುವುದಕ್ಕೆ ಒಂದು ಸಾಕ್ಷಿಯೂ ಹೌದು. ಹುಣಸೆಯ ಹುಳಿ ಅದನ್ನು ತಿಂದುಹಾಕುತ್ತದೆ, ತಿಕ್ಕುವ ನಾರು ಅಕ್ಷರಗಳ ಅಂಚನ್ನು ಸವೆಸುತ್ತದೆ. ದೇವರಮನೆಯ ತಂಬಿಗೆಗೆ ಸಲ್ಲುವ ಉಪಚಾರ ನಾಣ್ಯಕ್ಕೆ ಸಲ್ಲದು. ಮಣ್ಣು ಅಂಟಿದ್ದರೆ ಬರೀ ನೀರಿನಲ್ಲಿ ನೆನೆಸಿ, ಮೆತ್ತನೆಯ ಬಟ್ಟೆಯಿಂದ ತೇವ ಒತ್ತಿ ತೆಗೆದರೆ ಸಾಕು. ತಿಕ್ಕಿದ ನಾಣ್ಯವನ್ನು ಸಂಗ್ರಾಹಕರು ನೋಡಿದೊಡನೆ ಗುರುತಿಸುತ್ತಾರೆ, ಬೆಲೆಯನ್ನೂ ಇಳಿಸುತ್ತಾರೆ.

ಇನ್ನು ಆನೆಯ ವಿಷಯ. ಆನೆ ಇದ್ದ ಮಾತ್ರಕ್ಕೆ ಅದು ಟಿಪ್ಪುವಿನದೇ ಆಗಬೇಕಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಮೈಸೂರಿನ ತಾಮ್ರದ ಕಾಸುಗಳ ಮೇಲೆ ಆನೆ ಮುಂದುವರಿಯಿತು. ಒಡೆಯರ ಆನೆಯ ಮೇಲ್ಗಡೆ ಸೂರ್ಯಚಂದ್ರರನ್ನು, ಕೆಲವದರಲ್ಲಿ ಕನ್ನಡದ 'ಶ್ರೀ'ಯನ್ನು ಕಾಣಬಹುದು. ಮುಂದಿನವುಗಳಲ್ಲಿ 'ಮಯಿಲಿ ಕಾಸು' ಎಂಬ ಕನ್ನಡ ಬರಹ ಬಂತು; ಕೊನೆಕೊನೆಗೆ ಆನೆ ಹೋಗಿ ಸಿಂಹ ಬಂತು. ಟಿಪ್ಪುವಿನ ಪೈಸೆಯ ಇನ್ನೊಂದು ಬದಿಯಲ್ಲಾದರೋ ಪರ್ಷಿಯನ್ ಲಿಪಿಯಲ್ಲಿ ಟಂಕಸಾಲೆಯ ಹೆಸರಿರುತ್ತದೆ. ಶ್ರೀರಂಗಪಟ್ಟಣದ್ದಾದರೆ 'ಪಟನ್', ಬಿದನೂರಿನದಾದರೆ 'ನಗರ್'.

ವಿದ್ಯಾರ್ಥಿಗಳಿಗೆ ಮೋಜೆನಿಸುವುದು ಇಸವಿ ಓದುವ ಕೆಲಸ. ಟಿಪ್ಪು ತನ್ನ ಆಳ್ವಿಕೆಯ ಐದನೆಯ ವರ್ಷದಿಂದ ಹಿಜರಿಯನ್ನು ಬಿಟ್ಟು ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದ. ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಹೀಗಾಗಿ ನಾಣ್ಯದ ಮೇಲಿನ ಅರಬ್ಬಿ ಅಂಕಿಗಳು 4221 ಎಂದು ಕಂಡರೆ ಅದು 1224, ಅಂದರೆ ಕ್ರಿ.ಶ. 1796ರ ಸುಮಾರು. ಹಿಜರಿಯೆಂದು ತಿಳಿದು ಲೆಕ್ಕ ಹಾಕಿದರೆ 1809 ಬರುತ್ತದೆ. ಅಷ್ಟು ಹೊತ್ತಿಗೆ ಸುಲ್ತಾನ ಸತ್ತು ಹತ್ತು ವರ್ಷ! ಈ ನಾಣ್ಯಗಳ ಬಗೆಬಗೆಗಳನ್ನು ಹೆಂಡರ್ಸನ್ ಎಂಬ ವಿದ್ವಾಂಸರು 1921ರ ತಮ್ಮ ಪುಸ್ತಕದಲ್ಲೇ ವಿಂಗಡಿಸಿದ್ದಾರೆ.

ಇಷ್ಟೆಲ್ಲ ಓದಿದ ಮೇಲೆ ಬೆಲೆ? ನಿರಾಸೆಯ ಮಾತೇ. ಟಿಪ್ಪುವಿನ ಸಾಮಾನ್ಯ ಪೈಸೆ, ಸುಮಾರು 11 ಗ್ರಾಂ ತೂಗುವಂಥದ್ದು, ಲೆಕ್ಕವಿಲ್ಲದಷ್ಟು ಉಳಿದಿದೆ. ಸವೆದದ್ದಾದರೆ ಕೆಲವು ನೂರು ರೂಪಾಯಿ. ಅದರ ಎರಡರಷ್ಟು ತೂಗುವ ದೊಡ್ಡ ನಾಣ್ಯ, ವಿರಳವಾದ ಟಂಕಸಾಲೆ, ಆನೆಯ ಕಣ್ಣು ಸೊಂಡಿಲು ಸ್ಪಷ್ಟವಾಗಿ ಉಳಿದ ಪ್ರತಿ—ಬೆಲೆ ಏರುವುದು ಇಂಥ ಕಡೆ. ವಯಸ್ಸಿಗೆ ಬೆಲೆಯಿಲ್ಲ, ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು ಎಂಬುದೇ ಲೆಕ್ಕ.

ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಕುಂಕುಮ ಮೆತ್ತಿಕೊಂಡು ಕೂತಿರುವ ರಾಣಿಛಾಪಿನ ರೂಪಾಯಿಯ ಲೆಕ್ಕ ಇನ್ನೂ ಸುಲಭ. ಅದರ ತೂಕ 11.66 ಗ್ರಾಂ, ಸರಿಯಾಗಿ ಒಂದು ತೊಲ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ಸುಮಾರು 10.69 ಗ್ರಾಂ. ಅದನ್ನು ಅಂದಿನ ಬೆಳ್ಳಿಯ ದರದಿಂದ ಗುಣಿಸಿದರೆ ಸಿಗುವುದು ಕನಿಷ್ಠ ಬೆಲೆ. 1940ರಿಂದ 45ರವರೆಗಿನವುಗಳಲ್ಲಿ ಬೆಳ್ಳಿ ಅರ್ಧ ಮಾತ್ರ. 1947ರ ಹುಲಿಯ ರೂಪಾಯಿಯಲ್ಲಿ ಗುಲಗಂಜಿಯಷ್ಟೂ ಇಲ್ಲ. ಅದು ನಿಕ್ಕಲ್, ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಮಕ್ಕಳೇ ಪರೀಕ್ಷೆ ಮಾಡಿ ನೋಡಬಹುದು. ಆದರೆ ಬೆಳ್ಳಿ ಹೌದೋ ಅಲ್ಲವೋ ಎಂದು ಅಕ್ಕಸಾಲಿಗರು ಒರೆಗಲ್ಲಿಗೆ ಉಜ್ಜಲು ಹೊರಟರೆ ಕೈಹಿಡಿದು ತಡೆಯಬೇಕು.

1911ರ ರೂಪಾಯಿಯ ಕಥೆ ಸ್ವಾರಸ್ಯದ್ದು. ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಮೋಟಾಗಿ ಹಂದಿಯಂತೆ ಕಂಡಿತು. ಜನ ಕೆರಳಿದರು, ಸರ್ಕಾರ ಆ ನಾಣ್ಯಗಳನ್ನು ಹಿಂದಕ್ಕೆ ಪಡೆದು 1912ರಲ್ಲಿ ಆನೆಯನ್ನು ತಿದ್ದಿತು. ಆದ್ದರಿಂದಲೇ 1911ರದಕ್ಕೆ 1912ರದಕ್ಕಿಂತ ಹೆಚ್ಚು ಬೆಲೆ. ಬೆಳ್ಳಿ ಎರಡರಲ್ಲೂ ಅಷ್ಟೇ!

ಮನೆಯಲ್ಲಿ ಸಿಕ್ಕಿದ್ದರ ಮಾತಾಯಿತು. ನೆಲದಲ್ಲಿ ಹುದುಗಿದ್ದು ಸಿಕ್ಕರೆ ದಾರಿ ಬೇರೆ. ನಿಧಿಯ ಕಾನೂನಿನಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಬಚ್ಚಿಡುವುದು ಅಪರಾಧ. ಕಾನೂನಷ್ಟೇ ಕಾರಣವಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅಗೆಸಿದಾಗ ರೋಮನ್ ದೊರೆ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿತು. ಅದು ಯಾವ ಪದರದಲ್ಲಿ ಸಿಕ್ಕಿತೆಂಬುದು ಗೊತ್ತಿದ್ದರಿಂದ ಆ ಪದರದ ಕಾಲವನ್ನು ನಿರ್ಣಯಿಸಲು ಸಾಧ್ಯವಾಯಿತು. ಯಾರೋ ಕಿತ್ತು ಸಂತೆಯಲ್ಲಿ ಮಾರಿದ್ದರೆ ಅದು ಬರೀ ಬೆಳ್ಳಿ ಬಿಲ್ಲೆ.

ಕೊನೆಗೆ ಲಕ್ಷಗಳ ಮಾತು. ರಾಮ, ಸೀತೆ, ಹನುಮಂತರ ಚಿತ್ರವೂ ಈಸ್ಟ್ ಇಂಡಿಯಾ ಕಂಪನಿಯ ಹೆಸರೂ 1818 ಎಂಬ ಇಸವಿಯೂ ಇರುವ ಬಿಲ್ಲೆಗಳನ್ನು ಹಿಡಿದು ತಿರುಗುವವರಿದ್ದಾರೆ. ಕಂಪನಿ ಅಂಥ ನಾಣ್ಯವನ್ನು ಎಂದೂ ಹೊರಡಿಸಿಲ್ಲ. ಇನ್ನು ಕೆಲವರು 'ಅಕ್ಕಿ ಎಳೆಯುವ ನಾಣ್ಯ' ತೋರಿಸುತ್ತಾರೆ. ಕಬ್ಬಿಣದ ಪುಡಿ ಸವರಿದ ಅಕ್ಕಿ, ಒಳಗೆ ಅಡಗಿಸಿದ ಅಯಸ್ಕಾಂತ. ಎಂಟನೆಯ ತರಗತಿಯ ಹುಡುಗನೂ ಬಿಡಿಸಬಲ್ಲ ಒಗಟು. ಆದರೂ ಓದಿದವರೇ ಇದಕ್ಕೆ ಹಣ ಸುರಿದು ಠಾಣೆಯ ಮೆಟ್ಟಿಲು ಹತ್ತುತ್ತಾರೆ. ಹಳೆಯ ನಾಣ್ಯ ಕೊಳ್ಳುವುದಾಗಿ ಹೇಳಿ ತನ್ನ ಹೆಸರಿನಲ್ಲಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಪ್ರಕಟಣೆಯನ್ನೇ ಹೊರಡಿಸಬೇಕಾಯಿತು. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳುವುದೇಕೆ?

ಬೆಲೆ ತಿಳಿಯಬೇಕೆಂದಿರುವವರು ಎರಡೂ ಬದಿಯ ಫೋಟೋ ತೆಗೆದು, ತೂಕ ಮತ್ತು ಅಡ್ಡಳತೆ ಬರೆದುಕೊಂಡು, ನಾಣ್ಯ ಪ್ರದರ್ಶನಗಳಲ್ಲಿ ಇಬ್ಬರು ಮೂವರು ವ್ಯಾಪಾರಿಗಳನ್ನು ಬೇರೆಬೇರೆಯಾಗಿ ವಿಚಾರಿಸುವುದು ಒಳ್ಳೆಯದು. ಹರಾಜು ಸಂಸ್ಥೆಗಳ ಪಟ್ಟಿಯಲ್ಲಿ ಮಾಲೀಕ ಕೇಳಿದ ಬೆಲೆಯನ್ನಲ್ಲ, ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಬೇಕು. ನಾಣ್ಯವನ್ನು ಮಾತ್ರ 'ನಾಳೆ ಬನ್ನಿ' ಎಂದವರ ಅಂಗಡಿಯಲ್ಲಿ ಬಿಟ್ಟು ಬರಬಾರದು.